‘ಓವರ್‌ಪ್ರೊಡಕ್ಷನ್‌’ಗೆ ಕನ್ನಡದಲ್ಲಿ ಏನಂತಾರೆ? ಯಾವುದಕ್ಕಿಂತ ಅಂತ ಮೊದಲು ಹೇಳಿ

“ಮೇಡಂ, ಓವರ್‌ಪ್ರೊಡಕ್ಷನ್‌ಗೆ ಕನ್ನಡದಲ್ಲಿ ಏನು? ಒಂದೇ ಪದ ಸಾಕು, ಅರ್ಜೆಂಟು.”

ಅನುವಾದ ಮಾಡಿ ಹೊಟ್ಟೆ ಹೊರೆಯುವ ನನಗೆ ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಕಾರ್ಖಾನೆಯವರು ಕೇಳುತ್ತಾರೆ. ಕೃಷಿ ಕಾಲೇಜಿನ ಹುಡುಗರು ಕೇಳುತ್ತಾರೆ. ಔಷಧಿ ಕಂಪನಿಯ ಚೀಟಿ ಅನುವಾದಿಸುವವರು ಕೇಳುತ್ತಾರೆ. ಎಲ್ಲರಿಗೂ ಒಂದೇ ಪದ ಬೇಕು, ಎಲ್ಲರಿಗೂ ಅರ್ಜೆಂಟು.

ಅರ್ಜೆಂಟಿನವರಿಗೆ ಉತ್ತರ ಇಲ್ಲೇ ಕೊಡುತ್ತೇನೆ. ಅತ್ಯುತ್ಪಾದನೆ, ಅಧಿಕ ಉತ್ಪಾದನೆ, ಮಿತಿಮೀರಿದ ಉತ್ಪಾದನೆ. ಪರೀಕ್ಷೆಯಲ್ಲಿ ಬರೆಯಲು ಈ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಕ್ರಿಯಾಪದ ಬೇಕಿದ್ದರೆ ‘ಅತಿಯಾಗಿ ಉತ್ಪಾದಿಸು’ ಅನ್ನಿ, ಮಾರ್ಕು ಬರುತ್ತದೆ. ಬೇರೆ ಯಾರಿಗಾದರೂ ಅರ್ಥವಾಗಬೇಕು ಅಂತಿದ್ದರೆ ಸ್ವಲ್ಪ ಕೂತುಕೊಳ್ಳಿ.

ನಾನೂ ಒಮ್ಮೆ ಒಂದೇ ಪದ ಕೊಟ್ಟು ಕೈತೊಳೆದುಕೊಂಡವಳೇ. ಬೆಂಗಳೂರಿನ ಹೊರಗಿನ ಒಂದು ಸಣ್ಣ ಕಾರ್ಖಾನೆಗೆ ಗೋಡೆಗೆ ಹಾಕುವ ಬೋರ್ಡುಗಳನ್ನು ಕನ್ನಡ ಮಾಡಿಕೊಡಬೇಕಿತ್ತು. ಒಂದು ಬೋರ್ಡಿನಲ್ಲಿ ತಯಾರಾದ ಬಿಡಿಭಾಗಗಳು ರಾಶಿ ಬಿದ್ದಿರುವ ಚಿತ್ರ. ಕೆಳಗೆ ಇಂಗ್ಲಿಷಿನಲ್ಲಿ ಆ ಪದ. ನಾನು ದಪ್ಪಕ್ಷರದಲ್ಲಿ ‘ಅತ್ಯುತ್ಪಾದನೆ’ ಅಂತ ಬರೆದುಕೊಟ್ಟೆ. ತಿಂಗಳ ಮೇಲೆ ಬೇರೆ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ. ಮೆಷಿನ್ ಹತ್ತಿರ ನಿಂತಿದ್ದ ಒಬ್ಬರನ್ನು, “ಆ ಬೋರ್ಡು ಏನು ಹೇಳ್ತಿದೆ?” ಅಂತ ಸುಮ್ನೆ ಕೇಳಿದೆ. ಅವರು ಓದಿ, ಸ್ವಲ್ಪ ಹೆಮ್ಮೆಯಿಂದಲೇ, “ನಮ್ಮ ಲೈನ್‌ದು ಒಳ್ಳೇ ಉತ್ಪಾದನೆ ಅಂತ ಹಾಕವ್ರೆ ಮೇಡಂ” ಅಂದರು.

ಅವರದೇನೂ ತಪ್ಪಿಲ್ಲ. ಅತಿ ಮತ್ತು ಉತ್ತಮ ಸೇರಿದರೆ ಅತ್ಯುತ್ತಮ. ಅತಿ ಮತ್ತು ಉತ್ಪಾದನೆ ಸೇರಿದರೆ ಅತ್ಯುತ್ಪಾದನೆ. ಹೈಸ್ಕೂಲಿನಲ್ಲಿ ಯಣ್ ಸಂಧಿ ಅಂತ ಉರು ಹೊಡೆದೆವಲ್ಲ, ಅದೇ. ಕನ್ನಡದ ಕಿವಿಗೆ ‘ಅತ್ಯು’ ಅಂತ ಶುರುವಾಗುವ ಪದ ಹೆಚ್ಚಾಗಿ ಹೊಗಳಿಕೆಯೇ. ಅತ್ಯುತ್ತಮ, ಅತ್ಯುನ್ನತ, ಅತ್ಯುತ್ಸಾಹ. ಆ ಸಾಲಿನಲ್ಲಿ ಅತ್ಯುತ್ಪಾದನೆಯನ್ನು ನಿಲ್ಲಿಸಿದರೆ ಅದಕ್ಕೂ ಒಂದು ಹಾರ ಬೀಳುತ್ತದೆ, ಅಷ್ಟೇ. ಇದು ನಮ್ಮೊಬ್ಬರ ಕಷ್ಟವೂ ಅಲ್ಲ. ಪೋರ್ಚುಗೀಸ್ ಭಾಷೆಯಲ್ಲಿ ‘ಸೂಪರ್‌ಪ್ರೊದುಸಾಂವ್’ ಅಂತ ಒಂದು ಪದವಿದೆ. ಮಾರಲಾಗದಷ್ಟು ಬೆಳೆದರೂ ಅದೇ ಪದ, ಕೋಟಿಗಟ್ಟಲೆ ಸುರಿದು ಅದ್ದೂರಿ ಸಿನಿಮಾ ಮಾಡಿದರೂ ಅದೇ ಪದ.

ಹಾಗಂತ ಸಂಸ್ಕೃತದ ‘ಅತಿ’ ನಮಗೆ ಒಗ್ಗುವುದೇ ಇಲ್ಲ ಅಂತ ನಾನು ವಾದ ಹೂಡುವುದಿಲ್ಲ. ‘ಅತಿವೃಷ್ಟಿ’ ಎಂಬ ಪದ ಯಾವ ಹಳ್ಳಿಯಲ್ಲಿ ಹೇಳಿದರೂ ಅರ್ಥವಾಗುತ್ತದೆ. ಅದಕ್ಕೆ ‘ಅನಾವೃಷ್ಟಿ’ ಎಂಬ ಜೋಡಿ ಇದೆ, ತಾಲೂಕು ಕಚೇರಿಯಲ್ಲಿ ಪರಿಹಾರದ ಅರ್ಜಿ ಇದೆ, ಹೊಲದಲ್ಲಿ ನಿಂತ ನೀರೂ ಇದೆ. ಅತ್ಯುತ್ಪಾದನೆಗೆ ಇವು ಯಾವುದೂ ಇಲ್ಲ.

ಆ ಕಾರ್ಖಾನೆಯ ಬೋರ್ಡನ್ನು ಆಮೇಲೆ ಬದಲಾಯಿಸಿದೆವು. ಹೊಸ ಮಾತು ನನ್ನದಲ್ಲ. ಬೋರ್ಡಿನ ನಿಜವಾದ ಅರ್ಥವನ್ನು ನಾನು ವಿವರಿಸಿದಾಗ ಅದೇ ಮನುಷ್ಯ, “ಓ, ಬೇಕಾದ್ದಕ್ಕಿಂತ ಜಾಸ್ತಿ ಮಾಡೋದು!” ಅಂದರು. ಅದನ್ನೇ ಬರೆಸಿದೆವು.

‘ಬೇಕಾದ್ದಕ್ಕಿಂತ’. ಅಲ್ಲೇ ನನಗೆ ದೀಪ ಹತ್ತಿದ್ದು.

ಇಂಗ್ಲಿಷಿನವರು ‘ಓವರ್’ ಅಂತ ಮುಂದೆ ಒಂದು ತುಂಡು ಅಂಟಿಸಿ ಮುಂದಕ್ಕೆ ಹೋಗಿಬಿಡುತ್ತಾರೆ. ಯಾವ ಗೆರೆ ದಾಟಿತು, ಗೆರೆ ಎಳೆದವರು ಯಾರು ಅಂತ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಅಷ್ಟು ಸುಲಭವಾಗಿ ಪಾರಾಗಲು ಆಗುವುದಿಲ್ಲ. ನಮ್ಮ ‘ಜಾಸ್ತಿ’, ‘ಹೆಚ್ಚು’ ಎರಡಕ್ಕೂ ಎರಡೆರಡು ಮುಖ. “ಈ ಸಲ ಮಾರ್ಕು ಜಾಸ್ತಿ” ಅಂದರೆ ಸಿಹಿ ಹಂಚಬೇಕು. “ಸಾರಿಗೆ ಉಪ್ಪು ಜಾಸ್ತಿ” ಅಂದರೆ ಸಾರು ಚೆಲ್ಲಬೇಕು. ಪದ ಒಂದೇ. ಬರೀ ‘ಜಾಸ್ತಿ’ ಅಂದರೆ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುವುದಿಲ್ಲ. ಗೊತ್ತಾಗಬೇಕು ಅಂದರೆ ‘ಕ್ಕಿಂತ’ ಬರಬೇಕು. ಮಾರಾಟವಾಗುವುದಕ್ಕಿಂತ, ತಿನ್ನುವುದಕ್ಕಿಂತ, ಗೋಡೌನಿನಲ್ಲಿ ಹಿಡಿಸುವುದಕ್ಕಿಂತ. ಉಪ್ಪಿನ ವಿಷಯದಲ್ಲಿ ‘ನಾಲಿಗೆಗೆ ಬೇಕಾದ್ದಕ್ಕಿಂತ’ ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಯಾಕೆಂದರೆ ನಾಲಿಗೆ ಅಲ್ಲೇ ಇರುತ್ತದೆ. ಟೊಮೆಟೊ, ಹಾಲು, ಕಾಫಿಗೆ ಆ ನಾಲಿಗೆ ಎಲ್ಲಿದೆ ಅಂತ ಹುಡುಕಬೇಕು.

ಪತ್ರಿಕೆ ತೆಗೆದು ನೋಡಿ. ‘ಹಾಲು ಉತ್ಪಾದನೆ ಹೆಚ್ಚಳ’ ಅಂದರೆ ಪಕ್ಕದಲ್ಲಿ ಮಂತ್ರಿಗಳ ನಗುಮುಖದ ಫೋಟೊ. ‘ಟೊಮೆಟೊ ಆವಕ ಹೆಚ್ಚಳ’ ಅಂದರೆ ರಸ್ತೆಗೆ ಸುರಿದ ಹಣ್ಣಿನ ಫೋಟೊ. ಹೆಚ್ಚಳ ಎರಡೂ ಕಡೆ ಅದೇ ಹೆಚ್ಚಳ.

ಆದ್ದರಿಂದ ಯಾರು ಕೇಳಿದರೂ ನಾನು ಈಗ ಎರಡು ಪ್ರಶ್ನೆ ವಾಪಸ್ ಕೇಳುತ್ತೇನೆ. ಯಾವುದಕ್ಕಿಂತ ಜಾಸ್ತಿ? ಜಾಸ್ತಿ ಮಾಡಿದ್ದಾ, ಜಾಸ್ತಿ ಆಗಿದ್ದಾ?

ಕಾರ್ಖಾನೆಯವರ ವಿಷಯದಲ್ಲಿ ಎರಡಕ್ಕೂ ಉತ್ತರ ಸುಲಭ. ಈ ಮಾತು ಅವರ ಗೋಡೆಗೆ ಬಂದದ್ದು ಜಪಾನಿನಿಂದ. ಟೊಯೋಟಾದ ತಾಯಿಚಿ ಓನೋ ಕಾರ್ಖಾನೆಯಲ್ಲಿ ಆಗುವ ಏಳು ಬಗೆಯ ವ್ಯರ್ಥಗಳನ್ನು ಪಟ್ಟಿ ಮಾಡಿದರು. ವ್ಯರ್ಥಕ್ಕೆ ಜಪಾನಿಯಲ್ಲಿ ‘ಮುಡಾ’ ಅಂತಾರೆ. (ಮೈಸೂರಿನವರು ನಗಬೇಡಿ. ಅದು ಬೇರೆ ಮುಡಾ.) ಆ ಏಳರಲ್ಲಿ ಅತಿ ಕೆಟ್ಟದ್ದು ‘ತ್ಸುಕುರಿಸುಗಿ’. ತ್ಸುಕುರಿ ಅಂದರೆ ಮಾಡುವುದು, ಸುಗಿ ಅಂದರೆ ಮೀರುವುದು. ಮುಂದಿನ ಮೇಜಿನವನು ಕೇಳಿದ್ದು ಹತ್ತು, ನೀನು ಮಾಡಿಟ್ಟದ್ದು ಇಪ್ಪತ್ತು. ಉಳಿದ ಹತ್ತನ್ನು ಇಡಲು ಜಾಗ ಬೇಕು, ಸಾಗಿಸಲು ಆಳು ಬೇಕು. ಅಚ್ಚಿನಲ್ಲಿ ದೋಷವಿದ್ದರೆ ಇಪ್ಪತ್ತೂ ಹಾಳು. ಒಂದು ವ್ಯರ್ಥ ಉಳಿದ ವ್ಯರ್ಥಗಳನ್ನು ಹಡೆಯುತ್ತದೆ, ಅದಕ್ಕೇ ಇದು ಎಲ್ಲಕ್ಕಿಂತ ಕೆಟ್ಟದ್ದು ಅಂತ ಓನೋ ಲೆಕ್ಕ. ಇಲ್ಲಿ ಅಳತೆಗೋಲು ಮುಂದಿನ ಮೇಜು. ಮಾಡಿದವನು ಕಣ್ಣಿಗೆ ಕಾಣುತ್ತಾನೆ, ಬೇಡ ಅಂದರೆ ನಿಲ್ಲಿಸುತ್ತಾನೆ. ಹಾಗಾಗಿ ‘ಜಾಸ್ತಿ ಮಾಡೋದು’ ಸರಿಯಾದ ಮಾತು.

ಜಪಾನಿಯವರ ಆ ‘ಸುಗಿ’ ಬಹಳ ಅನುಕೂಲದ್ದು. ಯಾವ ಕ್ರಿಯಾಪದಕ್ಕೆ ಬೇಕಾದರೂ ಅಂಟುತ್ತದೆ. ತಿನ್ನುವುದಕ್ಕೆ ಅಂಟಿಸಿದರೆ ತಬೆಸುಗಿ, ಹೊಟ್ಟೆ ಬಿರಿಯ ತಿಂದದ್ದು. ನಮ್ಮಲ್ಲಿ ಅದಕ್ಕೆ ತೀರಾ ಹತ್ತಿರ ಬರುವುದು ‘ಬಿಡು’. ತಿಂದುಬಿಟ್ಟೆ, ಮಾಡಿಬಿಟ್ಟೆ, ಬೆಳೆದುಬಿಟ್ಟೆ. ಅಳತೆ ಇಲ್ಲದಿದ್ದರೂ ಕೈಮೀರಿತು ಎಂಬ ಹಳಹಳಿ ಅದರೊಳಗೆ ಇರುತ್ತದೆ.

ಈಗ ಮಾರುಕಟ್ಟೆಗೆ ಬನ್ನಿ. ನಮ್ಮದು ಕೋಲಾರದ ಕಡೆ. ಚಿಕ್ಕಪ್ಪ ಟೊಮೆಟೊ ಬೆಳೆಯುತ್ತಾರೆ. ಪ್ರತಿ ಸಲ ಫೋನ್ ಮಾಡಿದಾಗ ನಾನು ಕೇಳುವುದು ಒಂದೇ ಪ್ರಶ್ನೆ, “ಚಿಕ್ಕಪ್ಪ, ಈ ಸಲ ಹೆಂಗೆ?” ಒಂದು ವರ್ಷ ಅವರು ಕೊಟ್ಟ ಉತ್ತರ ನನಗೆ ಇನ್ನೂ ಮರೆತಿಲ್ಲ. “ಬೆಳೆ ಚೆನ್ನಾಗೈತಮ್ಮ. ಅದೇ ತೊಂದ್ರೆ.”

ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ. ಬೆಳಿಗ್ಗೆ ಹೋಗಿ ನಿಂತರೆ ಸಾಲು ಸಾಲು ಬಾಕ್ಸು, ಅದರ ಮೇಲೆ ಬಾಕ್ಸು. ಮಂಡಿಯವರು ಸಾಲಿನ ಮುಂದೆ ನಡೆಯುತ್ತಾ ಕೂಗುತ್ತಾರೆ, ಹಿಂದೆ ವ್ಯಾಪಾರಿಗಳ ಗುಂಪು. ರೇಟು ಇದ್ದ ದಿನ ಆ ಗುಂಪು ಒಂದು ಸಾಲಿನ ಮುಂದೆ ನಿಂತು ಜಗಳವಾಡುತ್ತದೆ. ಮಾಲು ಜಾಸ್ತಿ ಬಂದ ದಿನ ಗುಂಪು ನಿಲ್ಲುವುದೇ ಇಲ್ಲ, ನಡೆದುಕೊಂಡೇ ಹೋಗುತ್ತದೆ. ತಮ್ಮ ಬಾಕ್ಸಿನ ಪಕ್ಕ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತ ರೈತ ಮೇಲಿನ ಸಾಲಿನಲ್ಲಿ ಒಳ್ಳೆ ಬಣ್ಣದ ಹಣ್ಣು ಕಾಣುವ ಹಾಗೆ ಇನ್ನೊಮ್ಮೆ ತಿರುಗಿಸಿ ಇಡುತ್ತಾನೆ. ಅಷ್ಟೇ ಅವನ ಕೈಯಲ್ಲಿರುವುದು.

ಅಲ್ಲಿ ಯಾರ ಬಾಯಲ್ಲೂ ‘ಉತ್ಪಾದನೆ’ ಎಂಬ ಪದವಿಲ್ಲ. ಅಲ್ಲಿರುವುದು ‘ಮಾಲು’. ಮಾಲು ಜಾಸ್ತಿ ಬಂತು, ಮಾಲು ನಿಂತುಬಿಟ್ಟಿತು, ಮಾಲು ಕೇಳೋರಿಲ್ಲ, ರೇಟು ಬಿತ್ತು. ಎಲ್ಲದಕ್ಕಿಂತ ಖಚಿತವಾದ ಮಾತು ‘ಗಿಟ್ಟಲ್ಲ’. “ಕೀಳೋ ಕೂಲಿನೂ ಗಿಟ್ಟಲ್ಲ.” ಕೂಲಿ, ಬಾಕ್ಸು, ಗಾಡಿ ಬಾಡಿಗೆ, ಕಮಿಷನ್ ಎಲ್ಲ ಕೂಡಿಸಿದರೆ ಬಾಕ್ಸಿಗೆ ಸಿಗುವ ದುಡ್ಡಿಗಿಂತ ಜಾಸ್ತಿ. ಆಗ ಹಣ್ಣನ್ನು ಗಿಡದಲ್ಲೇ ಬಿಡುತ್ತಾರೆ. ಅರ್ಥಶಾಸ್ತ್ರದ ಪುಸ್ತಕ ಒಂದು ಅಧ್ಯಾಯದಲ್ಲಿ ಹೇಳುವುದನ್ನು ‘ಗಿಟ್ಟಲ್ಲ’ ಮೂರಕ್ಷರದಲ್ಲಿ ಹೇಳುತ್ತದೆ. ಅಳತೆಗೋಲೂ ಅದರೊಳಗೇ ಇದೆ. ಹೊಟ್ಟೆ ತುಂಬುವುದಕ್ಕಿಂತ ಜಾಸ್ತಿಯಲ್ಲ, ದೇಶಕ್ಕೆ ಬೇಕಾದ್ದಕ್ಕಿಂತಲೂ ಜಾಸ್ತಿಯಲ್ಲ. ಆ ದಿನ, ಆ ಮಂಡಿಯಲ್ಲಿ, ಖರ್ಚು ಹುಟ್ಟುವ ರೇಟಿಗೆ ಕೊಳ್ಳುವವರಿಗಿಂತ ಜಾಸ್ತಿ.

2023 ನೆನಪಿದೆಯಲ್ಲ? ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸಿನ ರೇಟು 2,000 ರೂಪಾಯಿ ದಾಟಿತ್ತು. ಟೊಮೆಟೊ ತೋಟಕ್ಕೆ ರಾತ್ರಿ ಕಾವಲು ಕೂರುವ ಸುದ್ದಿ ಬಂತು, ಲಾರಿ ಕಳವಿನ ಸುದ್ದಿ ಬಂತು. ರೋಗ ಬಿದ್ದು, ಹವೆ ಕೆಟ್ಟು ಮಾಲು ಕಡಿಮೆಯಾಗಿದ್ದೇ ಕಾರಣ. ಟೊಮೆಟೊ ನಾಟಿ ಮಾಡಿದ ಎರಡು, ಎರಡೂವರೆ ತಿಂಗಳಿಗೆ ಕೀಳಲು ಬರುತ್ತದೆ. 2,000ದ ರೇಟು ನೋಡಿ ಸುತ್ತಮುತ್ತಲವರೆಲ್ಲ ನಾಟಿ ಮಾಡಿದರು. ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತ್ತು. ಈ ಆಟಕ್ಕೆ ಅರ್ಥಶಾಸ್ತ್ರದಲ್ಲಿ ಜೇಡರ ಬಲೆ ಅಂತ ಹೆಸರಿದೆ. 1934ರಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಾಸ್ ಕಾಲ್ಡರ್ ಇಟ್ಟದ್ದು. ಇವತ್ತಿನ ರೇಟು ನೋಡಿ ಬಿತ್ತುತ್ತಾರೆ, ನಾಳಿನ ರೇಟಿಗೆ ಮಾರುತ್ತಾರೆ. ರೇಟು, ಮಾಲು ಎರಡರ ಏರಿಳಿತಕ್ಕೆ ಹಾಳೆಯ ಮೇಲೆ ಗೆರೆ ಎಳೆದರೆ ಬಲೆಯ ಹಾಗೆ ಸುತ್ತುತ್ತದೆ.

ಇಲ್ಲಿ ‘ರೈತರು ಅತಿಯಾಗಿ ಉತ್ಪಾದಿಸಿದರು’ ಅಂತ ಬರೆದರೆ ವ್ಯಾಕರಣ ತಪ್ಪಲ್ಲ. ಆದರೂ ನನಗೆ ಆ ವಾಕ್ಯ ಒಪ್ಪಿಗೆಯಿಲ್ಲ. ಚಿಕ್ಕಪ್ಪ ಬೆಳೆದದ್ದು ಎರಡೆಕರೆ, ಯಾವಾಗಲೂ ಬೆಳೆಯುವಷ್ಟೇ. ಅವರೇನು ಅತಿ ಮಾಡಿದರು? ಒಬ್ಬೊಬ್ಬರೂ ಹದವಾಗಿಯೇ ಬೆಳೆದರು, ಕೂಡಿಸಿದಾಗ ಜಾಸ್ತಿ ಆಯ್ತು. ‘ಮಾಡಿದರು’ ಅಂದರೆ ಬೆರಳು ರೈತನ ಕಡೆ ತಿರುಗುತ್ತದೆ. ‘ಆಯ್ತು’ ಅಂದರೆ ಮಂಡಿಯ ಕಡೆ, ಶೀತಲ ಗೋದಾಮು ಇಲ್ಲದ್ದರ ಕಡೆ, ಬೆಂಬಲ ಬೆಲೆಯ ಪಟ್ಟಿಯಲ್ಲಿ ಟೊಮೆಟೊ ಇಲ್ಲದ್ದರ ಕಡೆಯೂ ನೋಡಬಹುದು. ಕೃಷಿಯ ಬರಹ ಅನುವಾದಿಸುವಾಗ ನಾನು ಯಾವಾಗಲೂ ‘ಆಯ್ತು’ ಬಳಸುತ್ತೇನೆ. ಸಂಪಾದಕರು ತಿದ್ದಿದರೆ ಜಗಳವಾಡುತ್ತೇನೆ. ಅರ್ಧ ಸಲ ಸೋಲುತ್ತೇನೆ.

ಹಾಲಿನದು ಇನ್ನೊಂದು ಥರ. ಹಸುವಿಗೆ ಇವತ್ತು ಬೇಡ ಅಂತ ಹೇಳಲು ಆಗುವುದಿಲ್ಲ, ಡೇರಿಗೆ ತಂದ ಹಾಲನ್ನು ವಾಪಸ್ ಕಳಿಸುವುದೂ ಕಷ್ಟ. 2024ರ ಜೂನ್ ಕೊನೆಯಲ್ಲಿ ನಂದಿನಿ ಪ್ಯಾಕೆಟ್ ಏಕಾಏಕಿ ದಪ್ಪವಾಯಿತು. ಅರ್ಧ ಲೀಟರ್ ಇದ್ದದ್ದು 550 ಎಂಎಲ್, ಒಂದು ಲೀಟರ್ ಇದ್ದದ್ದು 1,050 ಎಂಎಲ್, ಬೆಲೆ ಎರಡು ರೂಪಾಯಿ ಜಾಸ್ತಿ. ದಿನದ ಹಾಲು ಸಂಗ್ರಹ ಒಂದು ಕೋಟಿ ಲೀಟರ್ ಹತ್ತಿರ ಬಂದಿತ್ತು. ಹಾಲು ಜಾಸ್ತಿ ಬರುತ್ತಿದೆ, ಆದ್ದರಿಂದ ನೀವೂ ಸ್ವಲ್ಪ ಜಾಸ್ತಿ ಕುಡಿಯಿರಿ ಅಂತ ಸಾರಾಂಶ. ನಮ್ಮ ಬೀದಿಯಲ್ಲಿ ಎರಡು ದಿನ ಇದೇ ಚರ್ಚೆ. ಇದು ಬೆಲೆ ಏರಿಕೆಯೋ ಅಲ್ಲವೋ? ಪಕ್ಕದ ಮನೆಯ ಆಂಟಿ ಮಾತ್ರ, “ನಂಗೆ ಆ ಐವತ್ತು ಎಂಎಲ್ ಬೇಕು ಅಂತ ಯಾರಿಗೆ ಹೇಳಿದ್ದೆ?” ಅಂತ ಒಂದೇ ಮಾತಿನಲ್ಲಿ ಮುಗಿಸಿದರು. 2025ರ ಏಪ್ರಿಲ್‌ನಲ್ಲಿ ಅಳತೆ ಹಳೆಯದಕ್ಕೇ ಮರಳಿತು, ಬೆಲೆ ಮಾತ್ರ ಮರಳಲಿಲ್ಲ, ಇನ್ನೂ ಏರಿತು. ಹಾಲಿನವರ ಮಾತಿನಲ್ಲಿ ಇದಕ್ಕಿರುವ ಪದ ‘ಹೆಚ್ಚುವರಿ ಹಾಲು’. ಅದನ್ನು ಪುಡಿ ಮಾಡುತ್ತಾರೆ, ಬೆಣ್ಣೆ ಮಾಡುತ್ತಾರೆ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ ಶಾಲೆ ಮಕ್ಕಳ ಲೋಟಕ್ಕೆ ಬಂದದ್ದೂ ಈ ಹಾಲಿನ ಪುಡಿಯೇ. ಇದನ್ನು ‘ಅತ್ಯುತ್ಪಾದನೆ’ ಅಂದರೆ ಹಸುಗಳಿಗೂ ಬೇಜಾರಾದೀತು. ಹೆಚ್ಚುವರಿ ಅಂದರೆ ಎಲ್ಲಿಗಾದರೂ ಹೋಗಲು ದಾರಿಯಿರುವ ಹೆಚ್ಚು. ಸರ್‌ಪ್ಲಸ್‌ಗೆ ಅದೇ ಸರಿಯಾದ ಪದ. ದಾರಿ ಇಲ್ಲದ್ದು ಓವರ್‌ಪ್ರೊಡಕ್ಷನ್.

ದಾರಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಬ್ರೆಜಿಲ್‌ಗಿಂತ ದೊಡ್ಡ ಸಾಕ್ಷಿ ಸಿಗಲಿಕ್ಕಿಲ್ಲ. 1929ರಲ್ಲಿ ಜಗತ್ತಿನ ವ್ಯಾಪಾರ ಕುಸಿದಾಗ ಅಲ್ಲಿ ಕಾಫಿ ಬೆಟ್ಟದಂತೆ ಬಿದ್ದಿತ್ತು. ರೇಟು ಎತ್ತಲು ಸರ್ಕಾರವೇ ಕಾಫಿ ಕೊಂಡು ಸುಟ್ಟಿತು. 1931ರಿಂದ 1944ರವರೆಗೆ ಸುಟ್ಟದ್ದು ಸುಮಾರು 7.8 ಕೋಟಿ ಚೀಲ, ಚೀಲಕ್ಕೆ 60 ಕೆಜಿ. ಇವತ್ತು ಇಡೀ ಭಾರತ ವರ್ಷಕ್ಕೆ ಬೆಳೆಯುವುದು ಸುಮಾರು 3.5 ಲಕ್ಷ ಟನ್. ಅಂದರೆ ಚಿಕ್ಕಮಗಳೂರು, ಕೊಡಗು, ಹಾಸನ, ಕೇರಳ, ತಮಿಳುನಾಡು ಎಲ್ಲ ಸೇರಿ ಹದಿಮೂರು ವರ್ಷ ಬೆಳೆಯುವಷ್ಟು ಕಾಫಿ ಬೆಂಕಿಗೆ ಹೋಯಿತು.

ಅದೇ ಹೊತ್ತಿಗೆ ನಮ್ಮ ಕಾಫಿಗೂ ಕೊಳ್ಳುವವರಿರಲಿಲ್ಲ. ನಮ್ಮವರು ಸುಡಲಿಲ್ಲ, ಕುಡಿಸಿದರು. 1935ರಲ್ಲಿ ಕಾಫಿಯ ಮೇಲೆ ತೆರಿಗೆ ಹಾಕುವ ಕಾಫಿ ಸೆಸ್ ಕಾಯಿದೆ ಬಂತು. ಆ ದುಡ್ಡಿನಲ್ಲಿ ದೇಶದೊಳಗೇ ಕಾಫಿಯ ರುಚಿ ಹತ್ತಿಸಲು 1936ರಲ್ಲಿ ಮುಂಬೈಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆದರು. ಯುದ್ಧ ಬಂದು ಹಡಗು ನಿಂತಾಗ, 1942ರ ಕಾಯಿದೆಯಡಿ ಬೆಳೆಗಾರರ ಕಾಫಿಯನ್ನೆಲ್ಲ ಒಂದೇ ಕಡೆ ಕೂಡಿಹಾಕಿ ಕಾಫಿ ಬೋರ್ಡೇ ಮಾರತೊಡಗಿತು. ಆ ಪೂಲ್ ಪದ್ಧತಿ ಹೋದದ್ದು 1990ರ ದಶಕದಲ್ಲಿ. ಬೆಂಗಳೂರಿನ ಕಾಫಿ ಹೌಸಿನಲ್ಲಿ ಪೇಟ ಸುತ್ತಿದ ಸಪ್ಲೈಯರ್ ತಂದಿಡುವ ಬಿಳಿ ಕಪ್ಪಿನ ಹಿಂದೆ ಹೀಗೊಂದು ‘ಜಾಸ್ತಿ ಆಯ್ತು’ ಇದೆ. ಗೊತ್ತಾದ ಮೇಲೂ ಕಾಫಿಯ ರುಚಿಯೇನೂ ಬದಲಾಗಲಿಲ್ಲ ಬಿಡಿ.

ಔಷಧಿ ಚೀಟಿಯವರಿಗೆ ಬೇಗ ಹೇಳಿ ಮುಗಿಸುತ್ತೇನೆ. ದೇಹ ಉತ್ಪಾದಿಸುವುದಿಲ್ಲ, ದೇಹದಲ್ಲಿ ಬರುತ್ತದೆ, ಸುರಿಯುತ್ತದೆ, ಊರುತ್ತದೆ. ‘ಥೈರಾಯ್ಡ್ ಗ್ರಂಥಿಯಿಂದ ಹಾರ್ಮೋನಿನ ಅತ್ಯುತ್ಪಾದನೆ’ ಅಂತ ಬರೆದರೆ ರೋಗಿಗೆ ಇನ್ನೊಂದು ರೋಗ ಬಂದಂತೆ. ‘ಥೈರಾಯ್ಡ್ ಗ್ರಂಥಿ ದೇಹಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹಾರ್ಮೋನ್ ಸುರಿಸುತ್ತದೆ’ ಅನ್ನಿ, ಉದ್ದವಾದರೆ ಆಗಲಿ. ಸಿನಿಮಾ ಸಂಗೀತದವರೂ ಒಮ್ಮೆ ಕೇಳಿದ್ದರು, ಓವರ್‌ಪ್ರೊಡ್ಯೂಸ್ ಆದ ಹಾಡಿಗೆ ಏನನ್ನಬೇಕು ಅಂತ. ‘ಹಾಡಿಗಿಂತ ಮಸಾಲೆ ಜಾಸ್ತಿ’. ನೋಡಿ, ಅಲ್ಲೂ ‘ಗಿಂತ’ ಬಂತು.

ನಮ್ಮಜ್ಜಿಗೆ ಮಾತ್ರ ಈ ಪ್ರಶ್ನೆ ಕೇಳುವ ಧೈರ್ಯ ನನಗೆ ಆಗುತ್ತಿರಲಿಲ್ಲ. ರಾಗಿ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಅನ್ನದೆ ‘ಲಾಭ’ ಅಂತ ಶುರು ಮಾಡುತ್ತಿದ್ದವರು ಅವರು. ಅಕ್ಕಿ ಖಾಲಿಯಾಯ್ತು ಅಂತ ಎಂದೂ ಹೇಳಿದವರಲ್ಲ. “ಅಕ್ಕಿ ಹೆಚ್ಚಿದೆ, ಅಂಗಡಿಗೆ ಹೋಗಿ ತಾ” ಅನ್ನೋರು. ಹೆಚ್ಚಿದ್ದರೆ ಯಾಕೆ ತರಬೇಕು ಅಂತ ಚಿಕ್ಕವಳಿದ್ದಾಗ ವಾದ ಮಾಡಿ ತಲೆಗೆ ಮೊಟಕಿಸಿಕೊಂಡಿದ್ದೇನೆ. ಇಲ್ಲದ್ದಕ್ಕೂ ‘ಹೆಚ್ಚಿದೆ’ ಅನ್ನುವ ಮನೆಯಲ್ಲಿ ಬೆಳೆದವರು, ಹೆಚ್ಚಾಗಿದ್ದು ಕೇಡು ಅಂತ ಹೇಳಲು ಒಂದು ಪದ ಕಟ್ಟಿಡಲಿಲ್ಲ ಅಂದರೆ ನನಗೇನೂ ಆಶ್ಚರ್ಯವಿಲ್ಲ.

ಹೋದ ವಾರ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಎಂಎ ವಿದ್ಯಾರ್ಥಿನಿ, ಈರುಳ್ಳಿಯ ಮೇಲೆ ಪ್ರಬಂಧ ಬರೆಯುತ್ತಿದ್ದಾಳೆ. ಶೀರ್ಷಿಕೆಗೆ ಒಂದೇ ಪದ ಬೇಕು, ಅರ್ಜೆಂಟು. ನಾನು ಎಂದಿನ ಹಾಗೆ ಕೇಳಿದೆ, “ಯಾವುದಕ್ಕಿಂತ ಜಾಸ್ತಿ ಆಯ್ತಮ್ಮ?”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಹಾಳೆ ಮಗುಚುವುದು ಕೇಳಿಸಿತು.

“ಅದನ್ನ ಇನ್ನೂ ಲೆಕ್ಕ ಹಾಕಿಲ್ಲ ಮೇಡಂ.”

ಹಾಕಿದ ಮೇಲೆ ಫೋನ್ ಮಾಡು ಅಂದಿದ್ದೇನೆ.